ಅಕ್ಕನ ಚಿನ್ನ

ಅಕ್ಕನ ಚಿನ್ನವನ್ನೂ ಬಿಡ ಅಕ್ಕಸಾಲಿ.
ಗಾದೆಗೆ ನಗುವವರು ನಗಲಿ,
ನಾನು ಬಿಟ್ಟಿರಲಿಲ್ಲ.
ಎಂಬತ್ತೊಂಬತ್ತರಲ್ಲಿ, ಜಲಜಕ್ಕನ ಮದುವೆ ಬಳೆಯಲ್ಲಿ
ಒಂದು ಗುಲಗಂಜಿ ತೂಕ.
ಅಪ್ಪನ ತಕ್ಕಡಿಗೂ ತಿಳಿಯಲಿಲ್ಲ.

ವಿರಾಜಪೇಟೆಯ ಗಡಿಯಾರ ಕಂಬ ದಾಟಿ ಇಳಿದರೆ ಮೂರನೇ ಅಂಗಡಿ.
ಹುತ್ತರಿಗೆ ಎರಡು ವಾರವಿರುವಾಗ
ಬಿಟ್ಟಂಗಾಲದ ದೇಚು ಬಂದಳು
ಅಜ್ಜಿಯ ಜೋಮಾಲೆಗೆ ಹೊಸ ದಾರ ಹಾಕಿಸಲು.
ಮೈಸೂರಿನ ಲ್ಯಾಬಿನಲ್ಲಿ ಅವಳದೂ ಚಿನ್ನದ್ದೇ ಕೆಲಸವಂತೆ.
"ನಿಮ್ಮದಕ್ಕಿಂತ ಸಣ್ಣ ಕುಸುರಿ, ಆಚಾರಿಯವರೇ"
ಎಂದು ಬ್ಯಾಗಿನಿಂದ ಒಂದು ಶೀಷೆ ತೆಗೆದಿಟ್ಟಳು.

ನೀರು. ಮಾಸಲು ಕಂದು.
ಒಂದೇ ಗಷ್ಟನ್ನು ಮೂರು ಸಲ ಸೋಸಿದ ಕಾಫಿಯ ಹಾಗೆ.
ನಲವತ್ತು ವರ್ಷ ಒರೆಗಲ್ಲು ನೋಡಿದ ಕಣ್ಣು ನನ್ನದು,
ಇದು ಚಿನ್ನ ಅಂದರೆ ನಂಬುವುದೆಂತು?

"ಕಡ್ಡಿಗಳು" ಅಂದಳು. "ಕೂದಲೆಳೆಯ ದಪ್ಪವನ್ನು
ಎರಡು ಸಾವಿರ ಪಾಲು ಮಾಡಿ,
ಒಂದು ಪಾಲಿನಷ್ಟು ಉದ್ದ."
ಗುಲಗಂಜಿಗೆ ಎಷ್ಟಾದಾವು ಎಂದೆ.
ಯಾಕೆ ಬಾಯಿಗೆ ಆ ತೂಕವೇ ಬಂತೋ.
ಫೋನಿನಲ್ಲಿ ಒತ್ತಿ ಒತ್ತಿ ಹೇಳಿದಳು:
ಇಪ್ಪತ್ತು ಕೋಟಿ ಕೋಟಿ.

ಆಮೇಲೆ ಟಾರ್ಚ್ ಹಚ್ಚಿ
ನನ್ನ ಅಂಗೈ ಅದರ ಮೇಲಿಟ್ಟಳು.
ಬೆರಳ ಸಂದು ಕೆಂಡ.
"ಕೆಂಪು ಮಾತ್ರ ದಾಟಿ ಬರುತ್ತದೆ, ನೋಡಿ.
ಕೆಂಪಿನಾಚೆ ಕಣ್ಣಿಗೆ ಕಾಣದ ಬೆಳಕೊಂದಿದೆ,
ಅದು ಇನ್ನೂ ಆಳಕ್ಕೆ ಇಳಿಯುತ್ತದೆ.
ಮೈಗೆ ಅದರ ಗೊಡವೆಯಿಲ್ಲ,
ಕಡ್ಡಿಗಳಿಗೆ ಅದೇ ಊಟ.
ತಿಂದು ಬಿಸಿಯಾಗುತ್ತವೆ.
ಗೆಡ್ಡೆಯೊಳಗೆ ಕೂತು ಬಿಸಿಯಾದರೆ ಗೆಡ್ಡೆ ಬೇಯುತ್ತದೆ."

ಗೆಡ್ಡೆಯೊಳಗೇ ಯಾಕೆ ಕೂರಬೇಕು?

"ಅದರ ರಕ್ತನಾಳ ಅವಸರದ ಕೆಲಸ.
ಸಂದುಗಳಲ್ಲಿ ಸೋರುತ್ತದೆ."

ಅಂದರೆ ಬೆಸುಗೆ ಸರಿಯಿಲ್ಲ.
ಅಷ್ಟು ಹೇಳಿದರೆ ಸಾಕು, ಉಳಿದದ್ದು ನನಗೆ ಗೊತ್ತು.
ಪತ್ತಾಕಿನ ನಾಗಹೆಡೆ ಬೆಸೆಯುವಾಗ
ಪಕ್ಕದ ಕೆಂಪು ಹರಳಿಗೆ ಹಸಿಮಣ್ಣು ಮೆತ್ತಿ
ಊದುಗೊಳವೆ ಹಿಡಿಯುತ್ತೇನೆ.
ಜೋಮಾಲೆಯ ಗುಂಡಂತೂ ಟೊಳ್ಳು, ಒಳಗೆ ಅರಗು;
ಅರ್ಧ ಉಸಿರು ಹೆಚ್ಚಾದರೆ ಎಲ್ಲ ಹರಿದುಹೋಯಿತು.
ಬೆಂಕಿ ಹಚ್ಚುವುದು ಯಾರಿಗೂ ಬರುತ್ತದೆ,
ಎಲ್ಲಿ ಹಚ್ಚಬಾರದು ಎಂಬುದೇ ಕಸುಬು.

ಆಗ ಹೇಳಿದೆ: ನಮ್ಮ ಅಕ್ಕನಿಗೆ. ಎಡಗಡೆ. ಅಡಿಕೆ ಗಾತ್ರ.

ದೇಚು ಶೀಷೆಯ ಮುಚ್ಚಳವನ್ನು ಬಿಗಿಮಾಡಿದಳು,
ಅದು ಆಗಲೇ ಬಿಗಿಯಾಗಿತ್ತು.
"ಇನ್ನೂ ಇಲಿಗಳಲ್ಲೇ ಇದ್ದೇವೆ ನಾವು.
ಏಳರಲ್ಲಿ ಐದಕ್ಕೆ ಗೆಡ್ಡೆ ಕರಗಿತು.
ಒಂದಕ್ಕೆ ಮತ್ತೆ ಬಂತು.
ಕಡ್ಡಿಗಳು ಆಮೇಲೆ ಪಿತ್ತಕೋಶದಲ್ಲಿ ಉಳಿದು
ಏನು ಮಾಡುತ್ತವೋ, ಹತ್ತು ವರ್ಷಕ್ಕೆ ಗೊತ್ತಾಗಬೇಕು.
ಅಕ್ಕನನ್ನು ಆಪರೇಷನ್ನಿಗೆ ಕರೆದುಕೊಂಡು ಹೋಗಿ. ತಡಮಾಡಬೇಡಿ."

ಎದ್ದು ಗೂಡಿನ ಡಬ್ಬಿ ತೆಗೆದೆ,
ಕಾಗದದಲ್ಲಿ ಸುತ್ತಿ ಒಂದು ಚೂರು ಕೊಟ್ಟೆ:
ನಿನ್ನ ಇಲಿಗಳಿಗೆ ಇರಲಿ.
ಬೆಳಕಿಗೆ ಹಿಡಿದು ನೋಡಿ ಮೆಲ್ಲಗೆ ವಾಪಸ್ಸಿಟ್ಟಳು.
"ಇದರಲ್ಲಿ ತಾಮ್ರ ಇದೆಯಲ್ಲ, ಆಚಾರಿಯವರೇ."

ಇದ್ದದ್ದು ಹೌದು.

ಮೇ ತಿಂಗಳಲ್ಲಿ ಜಲಜಕ್ಕ ಅಂಗಡಿಗೆ ಬಂದಳು.
ತಲೆಗೆ ಹಸಿರು ಸ್ಕಾರ್ಫು, ಎದೆಯ ಒಂದು ಕಡೆ ಸಪಾಟು,
ಮಾತಿನಲ್ಲಿ ಮಾತ್ರ ಏನೂ ಕೊಯ್ದಿರಲಿಲ್ಲ:
"ಮೋನಪ್ಪ, ಬಳೆ ಕೈಯಲ್ಲಿ ನಿಲ್ಲುತ್ತಿಲ್ಲ, ಸಣ್ಣ ಮಾಡು.
ಉಳಿದದ್ದನ್ನು ನುಂಗಬೇಡ."

ಕತ್ತರಿಸಿದೆ, ಕಾಸಿದೆ, ಬೆಸೆದೆ.
ಉಳಿದ ತುಂಡಿನ ಜೊತೆ ಇನ್ನೊಂದು ಚೂರು ಸೇರಿಸಿ
ಪೊಟ್ಟಣ ಕಟ್ಟಿದೆ. ತೂಕ ಹೇಳಲಿಲ್ಲ.
ಅವಳೂ ಕೇಳಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.
ಬಳೆ ತೊಡಿಸಲೆಂದು ಟಾರ್ಚ್ ಹಚ್ಚಿದವನು
ಸುಮ್ಮನೆ ಅವಳ ಮಣಿಕಟ್ಟಿನಡಿ ಹಿಡಿದೆ.
ಸೂಜಿ ಚುಚ್ಚಿ ಚುಚ್ಚಿ ಕಪ್ಪಾದ ಕೈ,
ಅದರ ಅಂಚೂ ಕೆಂಪಗೆ ಹೊತ್ತಿತು.
"ಅಯ್ಯೋ, ಇಷ್ಟು ತೆಳುವಾದೆನೇನೋ" ಎಂದು ನಕ್ಕಳು.

ಎಲ್ಲ ಕಡೆಯಿಂದ ಬೆಳಕು ದಾಟುತ್ತಿತ್ತು.
ಬಳೆ ಮಾತ್ರ
ಬಿಡಲಿಲ್ಲ.